ಸಕ್ಕರೆ ನೀರು ಕುಡಿದು ಎದ್ದವರು ಮತ್ತೆ ಮಂಪರಾದರೆ? (ಡಾಕ್ಟರ್ ಮೇಡಂ ಜೊತೆ ಪ್ರಶ್ನೋತ್ತರ, ರಾಯಚೂರು ಗುಂಪು)

ಸಿಂಧನೂರು ಸದಸ್ಯ: ಮೇಡಂ, ಅಪ್ಪನಿಗೆ 68. ಶುಗರ್‌ಗೆ ಗ್ಲಿಮೆಪಿರೈಡ್ ಮಾತ್ರೆ. ಎರಡು ದಿನದಿಂದ ಭೇದಿ, ರೊಟ್ಟಿ ಮುಟ್ಟಿಲ್ಲ, ಮಾತ್ರೆ ಮಾತ್ರ ಬಿಟ್ಟಿಲ್ಲ. ಬೆಳಿಗ್ಗೆ ಮೈಯೆಲ್ಲ ಬೆವರು, ಏನೇನೋ ಬಡಬಡಿಸಿದರು. ಮಷೀನಿನಲ್ಲಿ ಶುಗರ್ 41ಕ್ಕೆ ಇಳಿದಿತ್ತು. ಸಕ್ಕರೆ ನೀರು ಕುಡಿಸಿದ್ವಿ, ಎದ್ದು ಕೂತು ಚಹಾ ಕೇಳಿದರು. ಈಗ ಮತ್ತೆ ಮಂಪರು. ನಿದ್ದೆಗೆಟ್ಟಿದ್ದಾರೆ, ಮಲಗಲಿ ಬಿಡು ಅಂತಾಳೆ ಅವ್ವ.

ಡಾಕ್ಟರ್: ಅದು ನಿದ್ದೆ ಅಲ್ಲ. ಮೊದಲು 108ಕ್ಕೆ ಫೋನ್ ಮಾಡಿ, ಆಮೇಲೆ ಓದಿ. ಈ ಮಾತ್ರೆ ಶುಗರ್ ಇಳಿಸುವ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ, ಹೊಟ್ಟೆಯಲ್ಲಿ ಊಟ ಇದೆಯೋ ಇಲ್ಲವೋ ನೋಡುವುದಿಲ್ಲ. ಭೇದಿಯಿಂದ ನೀರು ಹೋಗಿ ಕಿಡ್ನಿ ಸೋತಿದ್ದರೆ ಮಾತ್ರೆ ಮೈಯಿಂದ ಹೊರಹೋಗುವುದೂ ತಡ. ಸಕ್ಕರೆ ನೀರಿನ ಆಟ ಸ್ವಲ್ಪ ಹೊತ್ತು, ಮಾತ್ರೆಯದು ಇಡೀ ದಿನ. ಅದಕ್ಕೇ ಎದ್ದವರು ಮತ್ತೆ ಮಂಪರಾದರು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಚ್ಚಿ, ಕನಿಷ್ಠ 24 ಗಂಟೆ ಶುಗರ್ ನೋಡುತ್ತಾ ಇರಬೇಕು. ಒಂದು ಸಲ ಸರಿ ಬಂತು ಅಂತ ಮನೆಗೆ ಕರೆತರಬೇಡಿ.

ಗಾಡಿ ಬರುವ ತನಕ ಜೋರಾಗಿ ಕೂಗಿ ನೋಡಿ. ಕಣ್ಣು ಬಿಟ್ಟು ಸರಿಯಾಗಿ ಮಾತಾಡಿ, ತಾವೇ ಲೋಟ ಹಿಡಿದು ನುಂಗಿದರೆ ಮಾತ್ರ ಸಕ್ಕರೆ ನೀರು. ಬರೀ ಮುಲುಗಿದರೆ ಬಾಯಿಗೆ ಒಂದು ಹನಿಯೂ ಬೇಡ, ಶ್ವಾಸಕೋಶಕ್ಕೆ ಇಳಿಯುತ್ತದೆ. ಮಗ್ಗುಲಿಗೆ ಹೊರಳಿಸಿ, ಎದೆ ಏರಿಳಿಯೋದನ್ನ ನೋಡ್ತಾ ಇರಿ. ಉಸಿರು ನಿಂತರೆ ಎದೆ ನಡುವೆ ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಮಾತ್ರೆ ಚೀಟಿ ಜೊತೆಗಿರಲಿ. ಈಗ ಕೂಗಿದರೆ ಏನಂತಾರೆ?

ಮಾನ್ವಿ ಸದಸ್ಯ: ಫಿಟ್ಸ್ ಬಂದಾಗ ಕೈಗೆ ಕಬ್ಬಿಣದ ಕೀ ಕೊಡಬಹುದಾ?

ಡಾಕ್ಟರ್: ಬೇಡ. ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನೂ ತುರುಕಬೇಡಿ. 5 ನಿಮಿಷ ದಾಟಿದರೆ 108.

ಲಿಂಗಸುಗೂರು ಸದಸ್ಯೆ: ಈರುಳ್ಳಿ ಮೂಸಿಸಿದರೆ?

ಡಾಕ್ಟರ್: ಬೇಡ.

ದೇವದುರ್ಗ ಸದಸ್ಯ: ಫಾರ್ವರ್ಡ್ ಬಂದಿದೆ. ಲಕ್ವ ಹೊಡೆದರೆ ಹತ್ತೂ ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯಬೇಕಂತೆ. ಎಲ್ಲರಿಗೂ ಹಂಚಿ.

ಡಾಕ್ಟರ್: ಹಂಚಬೇಡಿ! ಎಷ್ಟನೇ ಸಲ ಹೇಳಲಿ? ಮಿದುಳಿನ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಲಕ್ವ ಶುರುವಾದಾಗಿನಿಂದ ಇರೋದೇ 4.5 ಗಂಟೆ. ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ನೀವು ಸೂಜಿ ಹುಡುಕ್ತಾ ಕೂತರೆ ಆ ಹೊತ್ತೇ ಹೋಗುತ್ತೆ.

ಮಾನ್ವಿ ಸದಸ್ಯ: ನಮ್ಮ ಕಾಕಾನಿಗೆ ಕೀ ಕೊಟ್ಟ ತಕ್ಷಣ ಫಿಟ್ಸ್ ನಿಂತಿತ್ತು. ಕಣ್ಣಾರೆ ಕಂಡಿದ್ದೇನೆ.

ಲಿಂಗಸುಗೂರು ಸದಸ್ಯೆ: ಫಿಟ್ಸ್ ಸಾಮಾನ್ಯವಾಗಿ ಎರಡು ಮೂರು ನಿಮಿಷಕ್ಕೆ ತಾನೇ ನಿಲ್ಲುತ್ತೆ ಅಣ್ಣ. ಕೀ ಹುಡುಕೋಕೇ ಅಷ್ಟು ಹೊತ್ತು ಬೇಕು.

ಮಾನ್ವಿ ಸದಸ್ಯ: ಈಗ ತಾನೇ ಈರುಳ್ಳಿ ಕೇಳಿದವರು ನೀವೇ ಅಲ್ವಾ?

ಲಿಂಗಸುಗೂರು ಸದಸ್ಯೆ: ಕೇಳಿದೆ, ಬೇಡ ಅಂದರು, ಬಿಟ್ಟೆ. ನಿಮಗೆ ಬಿಡೋಕೆ ಬರಲ್ಲ.

ದೇವದುರ್ಗ ಸದಸ್ಯ: ಹಿರಿಯರು ಹೇಳಿದ್ದೆಲ್ಲ ಸುಳ್ಳಾ ಹಾಗಾದರೆ?

ಮಸ್ಕಿ ಸದಸ್ಯ: ಶುಗರ್ ಮಷೀನ್ ಯಾವ ಕಂಪನಿದು ತಗೋಬೇಕು ಮೇಡಂ?

ಮಾನ್ವಿ ಸದಸ್ಯ: ಕೀ ಹಿಡಿಸಿದರೆ ನಷ್ಟ ಏನು, ಅದನ್ನಾದರೂ ಹೇಳಿ.

ಡಾಕ್ಟರ್: ಕೀ ಮಾತು ಸಾಕು ಮಾಡ್ರಿ. ಸಿಂಧನೂರಿನವರು ಎಲ್ಲಿ?

ಸಿಂಧನೂರು ಸದಸ್ಯ: ಗಾಡಿಯಲ್ಲಿದ್ದೇವೆ ಮೇಡಂ. ಶುಗರ್ 38 ಬಂತು. ಗ್ಲೂಕೋಸ್ ಹಚ್ಚಿದ್ದಾರೆ. ಕೂಗಿದರೆ 'ಹ್ಞೂಂ' ಅಂತಾರೆ.

ಡಾಕ್ಟರ್: ಮಾತ್ರೆ ಚೀಟಿ ತಗೊಂಡ್ರಾ?