ಸಹಾಯ ಬೇಕು: ಕೈ ತೊಳೆಯುವ ಗೀಳು, ಬಿರಿದ ಚರ್ಮ. ಮೊದಲು ಯಾವ ಚಿಕಿತ್ಸೆ?

ನನ್ನ ತಂಗಿಗೆ ಪದೇ ಪದೇ ಕೈ ತೊಳೆಯುವ ಗೀಳು, ಅಂದ್ರೆ ಒಸಿಡಿ ಇದೆ. ಸೋಪು ಚರ್ಮದ ಎಣ್ಣೆಯಂಶ ತೆಗೆದುಬಿಡುತ್ತದೆ ಅಲ್ವಾ, ಬೆರಳ ಗೆಣ್ಣುಗಳು ಬಿರಿದು ರಕ್ತ ಜಿನುಗುತ್ತಿದೆ. ಚರ್ಮದ ಡಾಕ್ಟರ್ ಎಕ್ಸಿಮಾ ಅಂತ ಮುಲಾಮು ಕೊಟ್ಟರು. ಹಚ್ಚಿದರೆ ಜಿಡ್ಡು ಅಂತ ಮತ್ತೆ ನಲ್ಲಿ ಹತ್ತಿರ ಓಡುತ್ತಾಳೆ! ಹತ್ತಿಯ ಕೈಗವಸು, ಸೋಪಿಲ್ಲದ ಕ್ಲೆನ್ಸರ್ ಎರಡೂ ಆಯಿತು. ಸುಮ್ನೆ ಬೈದು ಪ್ರಯೋಜನವಿಲ್ಲ, ಅದು ಹಟವಲ್ಲ.

ಮನೋವೈದ್ಯರು ಇಆರ್‌ಪಿ ಥೆರಪಿ ಹೇಳಿದ್ದಾರೆ. ಕೊಳೆ ಅನ್ನಿಸಿದ್ದನ್ನು ಮುಟ್ಟಿ, ತೊಳೆಯದೆ ತಡೆದುಕೊಳ್ಳುವ ಅಭ್ಯಾಸ. ನನ್ನ ಗೊಂದಲ ಇಲ್ಲೇ. ಬಿರುಕಿನಿಂದ ಸೋಂಕು ತಗಲೀತು ಅನ್ನುವ ಅವಳ ಭಯ ಈಗ ಪೂರ್ತಿ ಸುಳ್ಳೂ ಅಲ್ಲ.

ಗಾಯ ಮಾಗುವವರೆಗೆ ಥೆರಪಿ ಮುಂದೂಡಬೇಕಾ, ಎರಡೂ ಒಟ್ಟಿಗೆ ನಡೆಸಬಹುದಾ? ಮುಲಾಮು ಹಚ್ಚಿಕೊಂಡು ತೊಳೆಯದೆ ಕೂರುವುದನ್ನೇ ಥೆರಪಿಯ ಮೊದಲ ಮೆಟ್ಟಿಲು ಮಾಡಿಕೊಂಡವರು ಯಾರಾದರೂ ಇದ್ದೀರಾ?