ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದಲ್ಲಿ ಇದೆ ಅಂತಾರಲ್ಲ ಆ ದೈತ್ಯ ಪ್ರಾಣಿ ನೆಸ್ಸಿ, ಅದು ನಿಜಾನಾ? ಅಲ್ಲಿಗೆ ಹೋಗಿ ಬಂದವ್ರು ಯಾರಾದ್ರೂ ಇದ್ದೀರಾ

ಮಂಡ್ಯದಪ್ಪ: ನನ್ ಮಗಳು ಯೂಟ್ಯೂಬಲ್ಲಿ ಲಾಕ್ ನೆಸ್ ವಿಡಿಯೋ ನೋಡಿ ಮೂರ್ ದಿನದಿಂದ ತಲೆ ತಿಂತಿದಾಳೆ, ನೀರಿಂದ ಉದ್ದ ಕತ್ತು ಎತ್ತಿರೋ ಆ ಕಪ್ಪುಬಿಳುಪು ಫೋಟೋ ಇದ್ಯಲ್ಲ ಅದನ್ನ ತೋರ್ಸಿ ಅಪ್ಪ ಇದು ಡೈನೋಸಾರ್ ಅಲ್ವಾ ಅಂತಾಳೆ. ಸುಳ್ಳು ಕಣೇ ಅಂದ್ರೆ ಹಂಗಾದ್ರೆ ಅಷ್ಟು ಜನ ನೋಡಿದ್ದೇನು ಅಂದ್ಲು, ಅಲ್ಲಿಗೆ ನನ್ ಬಾಯಿ ಬಂದ್. ತಿಳಿದವ್ರು ಹೇಳ್ರಪ್ಪ.

ಹಳೇಪೇಪರ್: ಆ ಫೋಟೋ ಆಟಿಕೆದು ಗುರು. 1934ರಲ್ಲಿ ಡೈಲಿ ಮೇಲ್ ಅನ್ನೋ ಬ್ರಿಟಿಷ್ ಪೇಪರಲ್ಲಿ ಬಂದಿದ್ದು, ಲಂಡನ್ ಡಾಕ್ಟರ್ ತೆಗ್ದಿದ್ದು ಅಂದ್ಮೇಲೆ ಜನ ನಂಬಿದ್ರು. ಅದ್ರ ಹಿಂದೆ ಇದ್ದೋನು ವೆದರೆಲ್ ಅನ್ನೋ ಬೇಟೆಗಾರ. ಹಿಂದಿನ ವರ್ಷ ಅದೇ ಪೇಪರ್ ಆ ಪ್ರಾಣಿ ಹುಡುಕೋಕೆ ಅವನನ್ನ ಕಳ್ಸಿತ್ತು, ದಡದಲ್ಲಿ ಹೆಜ್ಜೆ ಸಿಕ್ತು ಅಂತ ಕುಣಿದಾಡ್ದ, ಮ್ಯೂಸಿಯಂನವ್ರು ನೋಡಿದ್ರೆ ಹಿಪ್ಪೋ ಕಾಲು ಒತ್ತಿದ ಗುರುತು! ಮಾನ ಹೋಯ್ತಲ್ಲ, ಆ ಸೇಡಿಗೆ ಆಟದ ಸಬ್‌ಮರೀನ್ ಮೇಲೆ ಕತ್ತು ಕೂರ್ಸಿ ತೇಲಿಬಿಟ್ರು. 1994ರಲ್ಲಿ ಗುಟ್ಟು ರಟ್ಟಾಯ್ತು.

ನಂಬೋನು: ಫೋಟೋ ಬಿಡಿ ಸಾರ್, ಕ್ರಿ.ಶ. 565ರಲ್ಲೇ ಕ್ರೈಸ್ತ ಸಂತ ಕೊಲಂಬಾ ಅಲ್ಲಿನ ಮೃಗನ ಓಡ್ಸಿದ್ರು ಅಂತ ಕಥೆ ಇದೆ, ಅವಾಗೇನ್ ಡೈಲಿ ಮೇಲ್ ಇತ್ತಾ?

ಹಳೇಪೇಪರ್: ಅದು ನೆಸ್ ನದಿಲಿ, ಸರೋವರದಲ್ಲಲ್ಲ. ಬರೆದಿದ್ದೂ ಸುಮಾರು ನೂರು ವರ್ಷ ಆದ್ಮೇಲೆ. ಸಂತರ ಚರಿತ್ರೆಲಿ ಪವಾಡ ಇಲ್ದೆ ಇರುತ್ತಾ, ನಮ್ಮೂರ ಸ್ಥಳಪುರಾಣ ನೋಡಿಲ್ವಾ.

ಅಬರ್ಡೀನ್‌ಅಕ್ಕ: ನಾನು ನೋಡಿದೀನಿ, ನಗಬೇಡಿ 😄 ಸರೋವರದ ದಡದ ಅರ್ಕರ್ಟ್ ಕೋಟೆ ಹತ್ರ ನಿಂತಿದ್ವಿ, ಗಾಳಿ ಇಲ್ಲ, ನೀರು ಕನ್ನಡಿ. ದಡದಲ್ಲಿ ಬೊಗಸೆಗೆ ತಗೊಂಡ್ರೆ ಡಿಕಾಕ್ಷನ್ ಬಣ್ಣ, ಸುತ್ತ ಬೆಟ್ಟದ ಪೀಟ್ ಮಣ್ಣು (ಗಿಡ ಕೊಳೆತು ಆದ ಕಪ್ಪು ಮಣ್ಣು) ಕರಗಿ ಬರೋದು, ಆಳಕ್ಕೆ ಏನೂ ಕಾಣಲ್ಲ. ಇದ್ದಕ್ಕಿದ್ದಂಗೆ ನಡುನೀರಲ್ಲಿ ಮೂರು ಕಪ್ಪು ಗೂನು ಸಾಲಾಗಿ ಬಂತು, ಮೈ ಜುಮ್ ಅಂತು, ಫೋನ್ ತೆಗಿಯೋಷ್ಟರಲ್ಲಿ ಮಾಯ. ಪಕ್ಕದಲ್ಲಿದ್ದ ಅಜ್ಜ ನಕ್ಕು, ಆಗ್ಲೇ ಹೋದ ಬೋಟಿನ ಅಲೆಯಮ್ಮ ಅಂದ್ರು. ಸರೋವರ 37 ಕಿಮೀ ಉದ್ದ, ನೆಟ್ಟಗೆ, ಎರಡೂ ಕಡೆ ಕಡಿದಾದ ದಡ, ಬೋಟ್ ಕಣ್ಮರೆ ಆದ್ಮೇಲೂ ಅಲೆ ದಡಕ್ಕೆ ಬಡಿದು ವಾಪಸ್ ಬಂದು ಒಂದಕ್ಕೊಂದು ಸೇರಿ ಉಬ್ಬುತ್ತೆ. ಅಜ್ಜ ಇರ್ಲಿಲ್ಲ ಅಂದಿದ್ರೆ ಇವತ್ತು ನಾನೂ ಸಾಕ್ಷಿ!

ಮೀನ್‌ಸಾರು: 2018ರಲ್ಲಿ ನ್ಯೂಜಿಲೆಂಡಿನ ವಿಜ್ಞಾನಿ ನೀಲ್ ಗೆಮ್ಮೆಲ್ ಟೀಮು ಸರೋವರದಿಂದ ಸುಮಾರು 250 ಸ್ಯಾಂಪಲ್ ನೀರು ತೆಗ್ದು, ಅದ್ರಲ್ಲಿ ಪ್ರಾಣಿಗಳು ಬಿಟ್ಟಿರೋ ಡಿಎನ್‌ಎ ಹುಡುಕ್ತು. ಸರೀಸೃಪದ್ದು ಒಂದೂ ಇಲ್ಲ, ಹಾವುಮೀನಿಂದು ಮಾತ್ರ ಎಲ್ಲಾ ಕಡೆ. ಡೈನೋಸಾರ್ ಅನ್ನೋರಿಗೆ ಇನ್ನೊಂದು, ಹಿಂದಿನ ಹಿಮಯುಗದಲ್ಲಿ ಆ ಜಾಗ ಪೂರ್ತಿ ಹಿಮಗಡ್ಡೆ, ಡೈನೋಸಾರ್ ಕಾಲದ ಪ್ರಾಣಿ ಅಲ್ಲಿ ಉಳಿಯೋದು ಹೆಂಗೆ.

ಮಂಡ್ಯದಪ್ಪ: ಎಲ್ಲಾ ಓದಿ ಹೇಳ್ದೆ. ಈಗ ಬಕೆಟಲ್ಲಿ ಎರಡು ಪೇಪರ್ ದೋಣಿ ಬಿಟ್ಟು ಗೂನು ಬರ್ಸೋಕೆ ಕೂತಿದಾಳೆ, ಬಾತ್ರೂಮೆಲ್ಲಾ ನೀರು.