ಹಳೇ ಪಿಕಪ್: ಫಸ್ಟ್, ರಿವರ್ಸ್ ಸುಲಭಕ್ಕೆ ಬೀಳಲ್ಲ, ಇಳಿಜಾರಲ್ಲಿ ಥರ್ಡ್ ಹಾರುತ್ತೆ

ಮೂಟೆಗಾಡಿ (ಮೂಡಿಗೆರೆ):
2008ರ ಡೀಸೆಲ್ ಪಿಕಪ್, 5 ಗೇರ್, ಹೈಡ್ರಾಲಿಕ್ ಕ್ಲಚ್. ಕಾಫಿ ಮೂಟೆ, ಗೊಬ್ಬರ ಹಾಕ್ಕೊಂಡು ಕೊಟ್ಟಿಗೆಹಾರ, ಚಾರ್ಮಾಡಿ ಕಡೆ ಓಡೋ ಗಾಡಿ. ಮಳೆಗಾಲ ಮುಗಿದ ಮೇಲೆ ಎರಡು ತೊಂದರೆ. ಎಂಜಿನ್ ಓಡ್ತಿರುವಾಗ ಫಸ್ಟ್ ಗಟ್ಟಿ, ರಿವರ್ಸ್ ಕರಕರ ಅನ್ನುತ್ತೆ. ಲೋಡ್ ಇದ್ದು ಘಾಟಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟ ತಕ್ಷಣ ಥರ್ಡ್ ತಾನಾಗೇ ನ್ಯೂಟ್ರಲ್‌ಗೆ ಬರುತ್ತೆ. ಗೇರ್ ಬಾಕ್ಸ್ ಇಳಿಸಿ ಕ್ಲಚ್ ಸೆಟ್, ಸಿಂಕ್ರೊ ರಿಂಗ್ (ಗೇರ್ ಬೀಳುವಾಗ ವೇಗ ಹೊಂದಿಸೋ ಬಳೆ) ಎಲ್ಲಾ ಹಾಕ್ಬೇಕು ಅಂತ ಮೆಕ್ಯಾನಿಕ್ ಅಂತಿದಾರೆ. ಇಳಿಸೋಕೆ ಮುಂಚೆ ಏನೇನು ನೋಡ್ಬಹುದು?

ಗೇರ್‌ಎಣ್ಣೆ (ಹಾಸನ):
ಸರ್, ಇವೆರಡೂ ಬೇರೆ ಬೇರೆ ಕಾಯಿಲೆ, ಒಂದೇ ಬಿಲ್ಲಿಗೆ ಸೇರಿಸೋಕೆ ಬಿಡಬೇಡಿ. ಮೊದಲು ಎಂಜಿನ್ ಆಫ್ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು, ಕ್ಲಚ್ ತುಳಿದು ಎಲ್ಲಾ ಗೇರೂ ಹಾಕಿ ನೋಡಿ. ಆಫ್ ಇದ್ದಾಗಲೂ ಗಟ್ಟಿಯಾದ್ರೆ ತೊಂದರೆ ಲಿವರ್ ಬುಷ್, ಶಿಫ್ಟ್ ರಾಡ್, ಫೋರ್ಕ್, ಅಂದ್ರೆ ಗೇರನ್ನ ಸರಿಸೋ ಭಾಗಗಳ ಕಡೆ. ಆಫ್ ಇದ್ದಾಗ ಬೆಣ್ಣೆ ಥರ ಬಿದ್ದು, ಸ್ಟಾರ್ಟ್ ಮಾಡಿದ ಮೇಲೆ ಗಟ್ಟಿಯಾದ್ರೆ ಕ್ಲಚ್ ಪೂರ್ತಿ ಬಿಡ್ತಿಲ್ಲ ಅಂತಲೇ ತಿಳ್ಕೊಳ್ಳಿ.

ಆಮೇಲೆ ಐಡ್ಲಿಂಗಲ್ಲಿ ಕ್ಲಚ್ ಪೂರ್ತಿ ತುಳಿದು, ಹತ್ತು ಸೆಕೆಂಡ್ ತಡೆದು ರಿವರ್ಸ್ ಹಾಕಿ. ಬಹುತೇಕ ಹಳೇ ಬಾಕ್ಸ್‌ಗಳಲ್ಲಿ ರಿವರ್ಸ್‌ಗೆ ಸಿಂಕ್ರೊ ಇರಲ್ಲ, ಹಾಗಾಗಿ ಒಳಗಿನ ಶಾಫ್ಟ್ ಇನ್ನೂ ತಿರುಗ್ತಿದ್ರೆ ಸದ್ದು ಬಂದೇ ಬರುತ್ತೆ. ಅಷ್ಟು ಹೊತ್ತು ತಡೆದ ಮೇಲೂ ಕರಕರ ಅಂದ್ರೆ ಕ್ಲಚ್ ಪ್ಲೇಟು ಎಂಜಿನ್ ಜೊತೆಗೇ ಎಳೆದಾಡ್ತಿದೆ. ಈಗ ಪೆಡಲನ್ನ ಮೂರ್ನಾಲ್ಕು ಸಲ ಬೇಗ ಬೇಗ ಪಂಪ್ ಮಾಡಿ ಹಾಕಿ. ಸಲೀಸಾಗಿ ಬಿದ್ರೆ ಕ್ಲಚ್ ಫ್ಲೂಯಿಡ್ ಲೈನಲ್ಲಿ ಗಾಳಿ ಇದೆ, ಇಲ್ಲಾ ಸಿಲಿಂಡರ್ ವಾಷರ್ ಹೋಗಿದೆ. ಎರಡಕ್ಕೂ ಬಾಕ್ಸ್ ಇಳಿಸೋ ಅಗತ್ಯ ಇಲ್ಲ.

ಗಾಡಿ ಕೆಳಗೆ ಸ್ಲೇವ್ ಸಿಲಿಂಡರಿನ (ಪುಷ್ ರಾಡಿಂದ ಕ್ಲಚ್ ಬಿಡಿಸೋದು) ರಬ್ಬರ್ ಬೂಟ್ ಎತ್ತಿ ನೋಡಿ, ಒದ್ದೆ ಇದ್ರೆ ಕಿಟ್ (ವಾಷರ್ ಸೆಟ್) ಬದಲಿಸಿ. ಒಣಗಿದ್ರೆ ಎಂಜಿನ್ ಆಫ್ ಇಟ್ಟು, ಒಬ್ಬರು ಪೆಡಲ್ ಒತ್ತಿ ಒಂದು ನಿಮಿಷ ಹಿಡ್ಕೊಳ್ಳಲಿ, ಇನ್ನೊಬ್ಬರು ಪುಷ್ ರಾಡ್ ನೋಡಲಿ. ಹೊರಗೆ ಎಲ್ಲೂ ಸೋರದೇ ರಾಡ್ ನಿಧಾನಕ್ಕೆ ವಾಪಸ್ ಬಂದ್ರೆ ಮಾಸ್ಟರ್ ಸಿಲಿಂಡರ್ (ಪೆಡಲ್ ಹತ್ತಿರ ಇರೋದು) ಒಳಗಡೆ ಸೋರ್ತಿದೆ. ಹಳೇ ರಬ್ಬರ್ ಹೋಸ್ ಒತ್ತಡಕ್ಕೆ ಉಬ್ಬುತ್ತಾ ಅಂತ ಕೈಯಿಟ್ಟು ನೋಡಿ. ರಾಡ್ ಸರಿಯಾಗಿ ಓಡ್ತಿದ್ದೂ ರಿವರ್ಸ್ ಕರಕರ ಅಂದ್ರೆ ಮಾತ್ರ ಫ್ಲೈವೀಲ್ ನಡುವಿನ ಪೈಲಟ್ ಬೇರಿಂಗ್ ಹಿಡಿದಿರಬೇಕು, ಇಲ್ಲಾ ಪ್ಲೇಟು ಶಾಫ್ಟಿನ ಹಲ್ಲಿನ ಮೇಲೆ ತುಕ್ಕಿಗೆ ಕಚ್ಚಿರಬೇಕು. ಮಲೆನಾಡ ಮಳೇಲಿ ವಾರಗಟ್ಟಲೆ ನಿಂತ ಗಾಡಿಗೆ ಇದು ಸಾಮಾನ್ಯ. ಆಗ ಇಳಿಸಲೇಬೇಕು.

ಮೂಟೆಗಾಡಿ:
ಆಫ್ ಇದ್ದಾಗ ಎಲ್ಲಾ ಗೇರೂ ಆರಾಮಾಗಿ ಬೀಳ್ತವೆ. ಪಂಪ್ ಮಾಡಿದ್ರೆ ರಿವರ್ಸೂ ಬೀಳುತ್ತೆ. ಸ್ಲೇವ್ ಬೂಟ್ ಒಳಗೆ ಒದ್ದೆ ಇದೆ. ಕ್ಲಚ್ ಬಾಟ್ಲಿ ಫ್ಲೂಯಿಡ್ ಕಪ್ಪಾಗಿದೆ.

ಗೇರ್‌ಎಣ್ಣೆ (ಹಾಸನ):
ಹಾಗಾದ್ರೆ ಕ್ಲಚ್ ಸೆಟ್ ಈಗಲೇ ಬೇಡ. ಸ್ಲೇವ್, ಮಾಸ್ಟರ್ ಎರಡಕ್ಕೂ ಕಿಟ್ ಹಾಕಿಸಿ, ಒಂದೇ ಬದಲಿಸಿದ್ರೆ ಇನ್ನೊಂದು ಬೇಗ ಕೈ ಕೊಡುತ್ತೆ. ಸಿಲಿಂಡರ್ ಒಳಗೆ ಗೀರು, ತುಕ್ಕಿನ ಕುಳಿ ಇದ್ರೆ ಕಿಟ್ ನಿಲ್ಲಲ್ಲ, ಸಿಲಿಂಡರೇ ಹೊಸದು. ಬಾಟ್ಲಿ ಮುಚ್ಚಳದ ಮೇಲೆ ಬರೆದಿರೋ ಡಾಟ್ 3 ಅಥವಾ ಡಾಟ್ 4 ಬ್ರೇಕ್ ಫ್ಲೂಯಿಡ್ಡೇ ಹಾಕಿ, ಅರ್ಧ ಲೀಟರ್ ಸಾಕು. ಎಂಜಿನ್ ಆಯಿಲ್ ಒಂದು ಹನಿ ಬಿದ್ರೂ ವಾಷರ್ ಊದಿ ಹಾಳಾಗುತ್ತೆ. ಬ್ಲೀಡ್ ಮಾಡುವಾಗ (ಲೈನಿನ ಗಾಳಿ ತೆಗೆಯುವಾಗ) ಪೆಡಲ್ ಒತ್ತಿ ಹಿಡಿದಾಗಲೇ ಸ್ಲೇವಿನ ನಿಪ್ಪಲ್ ಬಿಚ್ಚಿ, ಮುಚ್ಚಿದ ಮೇಲೇ ಪೆಡಲ್ ಬಿಡಿ. ನಡುವೆ ಬಾಟ್ಲಿ ಖಾಲಿ ಆಗೋಕೆ ಬಿಟ್ರೆ ಮತ್ತೆ ಮೊದಲಿಂದ ಮಾಡ್ಬೇಕು.

ಘಾಟಿದಾರಿ (ಸಕಲೇಶಪುರ):
ಥರ್ಡ್ ಬಗ್ಗೆ ಹೇಳ್ತೀನಿ, ಅದೇ ಅಪಾಯದ್ದು. ಇಳಿಜಾರಲ್ಲಿ ಗೇರ್ ಹಾರಿದ್ರೆ ಎಂಜಿನ್ ಹಿಡಿತ ಹೋಗಿ ಭಾರ ಪೂರ್ತಿ ಬ್ರೇಕ್ ಮೇಲೆ ಬೀಳುತ್ತೆ, ಡ್ರಮ್ ಕಾದ್ರೆ ಬ್ರೇಕೂ ಹಿಡಿಯಲ್ಲ. ಮೊದಲು ಹೊರಗಿನದು ನೋಡಿ: ಗೇರ್ ಬಾಕ್ಸ್ ಮೌಂಟಿಂಗ್ ರಬ್ಬರ್ ಹರಿದಿದೆಯಾ, ಬೆಲ್ ಹೌಸಿಂಗ್ (ಕ್ಲಚ್ ಮುಚ್ಚಿರೋ ಕವಚ) ಬೋಲ್ಟ್ ಸಡಿಲಾಗಿವೆಯಾ, ಲಿವರ್ ಬೂಟು ಗಟ್ಟಿಯಾಗಿ ಲಿವರನ್ನ ಹಿಂದಕ್ಕೆ ತಳ್ತಿದೆಯಾ. ಆಮೇಲೆ ಹಾಕಿದ ಗೇರನ್ನ ಜಾಗದಲ್ಲೇ ಹಿಡಿದಿಡೋ ಡಿಟೆಂಟ್ ಬಾಲು, ಸ್ಪ್ರಿಂಗು. ಎಷ್ಟೋ ಬಾಕ್ಸ್‌ಗಳಲ್ಲಿ ಇದು ಹೊರಗಿನ ಪ್ಲಗ್ ಬಿಚ್ಚಿದ್ರೆ ಸಿಗುತ್ತೆ. ಸ್ಪ್ರಿಂಗ್‌ಗಳನ್ನ ಪಕ್ಕಪಕ್ಕ ಇಟ್ಟು ನೋಡಿ, ಗಿಡ್ಡ ಆಗಿರೋದನ್ನ ಬದಲಿಸಿ. ಇಷ್ಟಾದ ಮೇಲೂ ಹಾರಿದ್ರೆ ಥರ್ಡ್ ಗೇರಿನ ಡಾಗ್ ಹಲ್ಲು (ಗೇರನ್ನ ಕಚ್ಚಿ ಹಿಡಿಯೋ ಹಲ್ಲು) ದುಂಡಗಾಗಿದೆ ಅಥವಾ ಫೋರ್ಕ್ ಸವೆದಿದೆ, ಆಗ ಬಾಕ್ಸ್ ಬಿಚ್ಚೋದೇ ದಾರಿ.

ಗೇರ್ ಬಾಕ್ಸ್ ಎಣ್ಣೆನೂ ನೋಡಿ. ಫಿಲ್ಲರ್ ಪ್ಲಗ್ ಮೊದಲು ಬಿಚ್ಚಿ, ಅದು ಬಿಚ್ಚುತ್ತೆ ಅಂತ ಖಾತ್ರಿ ಆದ ಮೇಲೇ ಕೆಳಗಿನ ಡ್ರೇನ್ ಪ್ಲಗ್. ಎಣ್ಣೇಲಿ ಬಂಗಾರದ ಬಣ್ಣದ ಪುಡಿ ಇದ್ರೆ ಸಿಂಕ್ರೊ ರಿಂಗ್ ಸವೀತಿದೆ, ಉಕ್ಕಿನ ಚೂರು ಸಿಕ್ರೆ ಹಲ್ಲು ಅಥವಾ ಬೇರಿಂಗ್. ಡಿಫರೆನ್ಷಿಯಲ್‌ಗೆ (ಹಿಂದಿನ ಆಕ್ಸಲ್ ಗೇರಿಗೆ) ತಂದ ಜಿಎಲ್-5 ದರ್ಜೆಯ ಎಣ್ಣೆ ಡಬ್ಬಾದಲ್ಲೇ ಗೇರ್ ಬಾಕ್ಸಿಗೂ ಸುರಿಯೋ ಅಭ್ಯಾಸ ಇದೆ. ಹಿತ್ತಾಳೆ ರಿಂಗ್ ಇರೋ ಹಳೇ ಬಾಕ್ಸಿಗೆ ಅದು ಒಳ್ಳೇದಲ್ಲ, ಅದರ ಗಂಧಕದ ಅಂಶ ಹಿತ್ತಾಳೇನ ತಿನ್ನಬಹುದು. ಕೈಪಿಡೀಲಿ 80ಡಬ್ಲ್ಯೂ-90 ಜಿಎಲ್-4 ಅಂತಿದ್ರೆ ಅದೇ ಹಾಕಿ, ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಫಿಲ್ಲರ್ ತೂತಿನ ಅಂಚಿಗೆ ಬರೋವರೆಗೆ.

ಥರ್ಡ್ ಸರಿ ಆಗೋವರೆಗೆ ಲೋಡ್ ಹಾಕ್ಕೊಂಡು ಚಾರ್ಮಾಡಿ ಇಳೀಬೇಡಿ. ಖಾಲಿ ಗಾಡಿ ಆದ್ರೂ ಘಾಟಿ ಮೇಲಿರುವಾಗಲೇ ಸೆಕೆಂಡ್ ಹಾಕಿ, ಅದರಲ್ಲೇ ಇಳೀರಿ.